ಮೊದಲ ಪ್ಲಾಟ್‌ಫಾರ್ಮರ್ ಗೇಮ್: ಜಿಗಿತದ ಹದ ಸಿಗುವವರೆಗೆ ಚಿತ್ರ ಬಿಡಿಸಬೇಡಿ

“ಗೇಮ್ ಡಿಸೈನ್ ಕಲಿಯಬೇಕು ಸರ್, ಯಾವ ಕೋರ್ಸ್ ಸೇರಲಿ?” ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಕೇಳುವವರಲ್ಲಿ ಪಿಯುಸಿ ಮುಗಿಸಿದವರು, ಬಿಸಿಎ ಓದುತ್ತಿರುವವರು, ಎಂಜಿನಿಯರಿಂಗ್‌ನವರು, ಚಿತ್ರಕಲಾ ವಿದ್ಯಾರ್ಥಿಗಳು ಎಲ್ಲರೂ ಇದ್ದಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಕೋರ್ಸಿನ ವಿಷಯ ಆಮೇಲೆ ನೋಡೋಣ, ಮೊದಲು ಒಂದು ಪುಟ್ಟ ಪ್ಲಾಟ್‌ಫಾರ್ಮರ್ ಮಾಡಿ ತೋರಿಸಿ. ಹೇಗೆ ಮಾಡುವುದು ಅಂತ ಮತ್ತೆ ಕೇಳುತ್ತಾರೆ. ಅದಕ್ಕೇ ಈ ಬರಹ.

ಪ್ಲಾಟ್‌ಫಾರ್ಮರ್ ಎಂದರೆ ಪಕ್ಕದಿಂದ ಕಾಣುವ ಜಗತ್ತಿನಲ್ಲಿ ಒಂದು ಪಾತ್ರ ಓಡುತ್ತಾ, ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಾ ಹೋಗುವ ಆಟ. 1981ರ ಡಾಂಕಿ ಕಾಂಗ್, 1985ರ ಸೂಪರ್ ಮಾರಿಯೊ ಬ್ರದರ್ಸ್ ಈ ಜಾತಿಯವು. ಟಿವಿಗೆ ಕ್ಯಾಸೆಟ್ ಡಬ್ಬಿ ಸಿಕ್ಕಿಸಿ ಆಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಪ್ರೊಟೊಟೈಪ್ ಎಂದರೆ ಆಟದ ಕರಡು. ಕುಂಟೆಬಿಲ್ಲೆ ಆಡುವಾಗ ಹೆಂಚಿನ ಚೂರಿನಲ್ಲಿ ಮನೆ ಗೀಚುತ್ತೇವೆ. ಚಿಕ್ಕವರ ಕಾಲು ಎಟುಕದಿದ್ದರೆ ಅಲ್ಲೇ ಕಾಲಲ್ಲಿ ಒರೆಸಿ ಮನೆ ಸಣ್ಣದು ಮಾಡುತ್ತೇವೆ. ಕಂಪ್ಯೂಟರ್ ಮುಂದೆ ಕೂತ ತಕ್ಷಣ ಈ ಬುದ್ಧಿ ಎಲ್ಲಿ ಹೋಗುತ್ತದೋ ಗೊತ್ತಿಲ್ಲ, ಗೀಚಿದ್ದನ್ನು ಒರೆಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಬೇಕಾಗುವ ಸಾಮಾನು

4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಡ. ತಂತ್ರಾಂಶಕ್ಕೆ ಗೋಡೋ ಎಂಬ ಗೇಮ್ ಎಂಜಿನ್ ಇಳಿಸಿಕೊಳ್ಳಿ. ಚಿತ್ರ ತೋರಿಸುವುದು, ಕೀಲಿ ಒತ್ತಿದ್ದನ್ನು ಗುರುತಿಸುವುದು, ಎರಡು ವಸ್ತು ಡಿಕ್ಕಿಯಾದವೇ ಎಂದು ನೋಡುವುದು, ಇಂಥ ಚಾಕರಿಯನ್ನೆಲ್ಲ ಮಾಡಿಕೊಡುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. ಗೋಡೋ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. 2014ರಲ್ಲಿ ಅದರ ಮೂಲಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ದುಡ್ಡಿಲ್ಲ, ನಿಮ್ಮ ಆಟ ಮಾರಾಟವಾದರೂ ಪಾಲು ಕೇಳುವವರಿಲ್ಲ. ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವಿದೆ: ಇದನ್ನು ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಜಿಪ್ ಬಿಚ್ಚಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡರೆ ಕಾಲೇಜು ಲ್ಯಾಬಿನಲ್ಲೂ ತೆರೆಯಬಹುದು, ಅಡ್ಮಿನ್ ಪಾಸ್‌ವರ್ಡಿಗೆ ಯಾರ ಮುಂದೆಯೂ ನಿಲ್ಲಬೇಕಿಲ್ಲ.

ಇಳಿಸುವಾಗ 4ನೇ ಆವೃತ್ತಿಯನ್ನೇ ಇಳಿಸಿ. ಯೂಟ್ಯೂಬಿನಲ್ಲಿ 3ನೇ ಆವೃತ್ತಿಯ ಪಾಠಗಳು ಇನ್ನೂ ರಾಶಿ ಬಿದ್ದಿವೆ. ಅವುಗಳಲ್ಲಿ ಕೈನೆಮ್ಯಾಟಿಕ್ ಬಾಡಿ (ಪಾತ್ರವನ್ನು ಓಡಾಡಿಸುವ ಭಾಗ) ಎಂದು ಹೇಳುವುದು 4ರಲ್ಲಿ ಕ್ಯಾರೆಕ್ಟರ್ ಬಾಡಿ ಆಗಿದೆ, ಬಳಸುವ ರೀತಿಯೂ ಬದಲಾಗಿದೆ. ನೋಡಿಕೊಂಡು ಟೈಪ್ ಮಾಡಿದರೆ ಕೆಂಪು ದೋಷಗಳ ಸಾಲು ನಿಮಗೇ. ಕನ್ನಡಿಗರಿಗೆ ಇನ್ನೊಂದು ಕಾರಣವೂ ಇದೆ. 3ರಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು, 4ರಲ್ಲಿ ಸರಿಯಾಗಿ ಕೂಡುತ್ತವೆ.

ಈಗಾಗಲೇ ಯುನಿಟಿ ಎಂಬ ಇನ್ನೊಂದು ಎಂಜಿನ್ ಕಲಿತಿದ್ದರೆ ಅದರಲ್ಲೇ ಮಾಡಿ. ಕೆಳಗಿನ ಲೆಕ್ಕದ ಸೂತ್ರ ಅಲ್ಲೂ ನಡೆಯುತ್ತದೆ. ಯಾವ ಎಂಜಿನ್ ದೊಡ್ಡದು ಎಂಬ ಜಗಳದಲ್ಲಿ ಒಂದು ಸೆಮಿಸ್ಟರ್ ಕಳೆದವರನ್ನು ನೋಡಿದ್ದೇನೆ, ಅವರ ಹತ್ತಿರ ತೋರಿಸಲು ಒಂದು ಆಟವೂ ಇರಲಿಲ್ಲ.

ಇಷ್ಟರ ಜೊತೆಗೆ ಒಂದು ಗ್ರಾಫ್ ಪುಸ್ತಕ, ಪೆನ್ಸಿಲ್, ಮತ್ತು ನಿಮ್ಮ ಆಟ ಆಡಿ ನೋಡಲು ಒಪ್ಪುವ ನಾಲ್ಕೈದು ಜನ. ದಿನಕ್ಕೆ 2 ಗಂಟೆ ಕೊಟ್ಟರೆ ಮೂರು ವಾರದಲ್ಲಿ ಮುಗಿಯುತ್ತದೆ.

1. ಮೂರು ಸಾಲಿನ ಯೋಜನೆ

ಪುಸ್ತಕದ ಮೊದಲ ಪುಟದಲ್ಲಿ ಮೂರೇ ಸಾಲು ಬರೆಯಿರಿ. ಆಡುವವರು ಏನು ಮಾಡುತ್ತಾರೆ? ಅವರಿಗೆ ಏನು ಅಡ್ಡ ಬರುತ್ತದೆ? ಆಟ ಎಲ್ಲಿ ಮುಗಿಯುತ್ತದೆ? “ಓಡುವುದು, ಜಿಗಿಯುವುದು. ಹಳ್ಳ ಮತ್ತು ಮುಳ್ಳು. ಬಾವುಟ ಮುಟ್ಟಿದರೆ ಮುಗಿಯಿತು.” ಮೊದಲ ಆಟಕ್ಕೆ ಇದು ಧಾರಾಳವಾಯಿತು.

ಪುಟದ ಹಿಂದುಗಡೆ “ಈಗ ಬೇಡ” ಎಂದು ಬರೆದು ಉಳಿದ ಆಸೆಗಳನ್ನೆಲ್ಲ ಅಲ್ಲಿಗೆ ತಳ್ಳಿ: ಕಥೆ, ಅಂಗಡಿ, ಎರಡನೇ ಜಿಗಿತ, ಕೊನೆಯ ದೊಡ್ಡ ರಾಕ್ಷಸ, ಗೆಳೆಯರೊಂದಿಗೆ ಆನ್‌ಲೈನ್ ಆಟ. ಆಟಕ್ಕೊಂದು ಹೆಸರು, ಲೋಗೊ, ಇನ್‌ಸ್ಟಾಗ್ರಾಂ ಪುಟ ಮೊದಲೇ ಮಾಡಿಕೊಂಡು ಬರುವವರಿದ್ದಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಇಷ್ಟು ಸಣ್ಣದು ಮಾಡಿದರೆ ಯಾರು ಕೇಳುತ್ತಾರೆ ಎನ್ನಬೇಡಿ. 2018ರಲ್ಲಿ ಬಂದು ಹೆಸರು ಮಾಡಿದ ಸೆಲೆಸ್ಟೆ ಎಂಬ ಪ್ಲಾಟ್‌ಫಾರ್ಮರ್‌ನ ಮೂಲ, 2015ರಲ್ಲಿ ಇಬ್ಬರು ಸೇರಿ ನಾಲ್ಕು ದಿನದಲ್ಲಿ ಪಿಕೊ-8 ಎಂಬ ಪುಟಾಣಿ ಎಂಜಿನ್‌ನಲ್ಲಿ ಮಾಡಿದ ಕರಡು.

2. ಬೂದು ಡಬ್ಬಿ, ಬೂದು ನೆಲ

ಹೊಸ ಪ್ರಾಜೆಕ್ಟ್ ತೆರೆಯುವಾಗ ಗೋಡೋ ಯಾವ ರೆಂಡರರ್ ಬೇಕು ಎಂದು ಕೇಳುತ್ತದೆ. ರೆಂಡರರ್ ಎಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ. ಕಂಪ್ಯಾಟಿಬಿಲಿಟಿ ಎಂಬುದನ್ನು ಆರಿಸಿ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಕೊನೆಗೆ ಬ್ರೌಸರ್‌ನಲ್ಲಿ ಆಡುವಂತೆ ಮಾಡಲೂ ಅದೇ ಬೇಕು.

ಪಾತ್ರಕ್ಕೆ ಕ್ಯಾರೆಕ್ಟರ್ ಬಾಡಿ 2ಡಿ ಎಂಬ ನೋಡ್ ಹಾಕಿ. ಗೋಡೋದಲ್ಲಿ ಆಟದ ಒಂದೊಂದು ತುಂಡಿಗೂ ನೋಡ್ ಎಂದೇ ಹೆಸರು. ಅದರ ಒಳಗೆ 24 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರದ ಒಂದು ಬೂದು ಆಯತ, ಅಷ್ಟೇ ಅಳತೆಯ ಒಂದು ಕಲಿಷನ್ ಶೇಪ್. ಕಲಿಷನ್ ಶೇಪ್ ಎಂದರೆ ಕಣ್ಣಿಗೆ ಕಾಣದ ಡಿಕ್ಕಿಯ ಗಡಿ. ನೆಲಕ್ಕೆ ಅಲ್ಲಾಡದ ವಸ್ತುಗಳಿಗಿರುವ ಸ್ಟ್ಯಾಟಿಕ್ ಬಾಡಿ 2ಡಿ ನೋಡ್ ಹಾಕಿ ಅದಕ್ಕೂ ಹೀಗೇ ಗಡಿ ಕೊಡಿ. ನೆಲದ ಅಳತೆಗಳೆಲ್ಲ 32ರ ಲೆಕ್ಕದಲ್ಲಿರಲಿ. 32 ಪಿಕ್ಸೆಲ್‌ನ ಈ ಚೌಕಕ್ಕೆ ಮುಂದೆ ಟೈಲ್ ಎನ್ನುತ್ತೇನೆ, ಗ್ರಾಫ್ ಪುಸ್ತಕದ ಒಂದು ಮನೆ ಅಂದುಕೊಳ್ಳಿ.

ಪಾತ್ರಕ್ಕೆ ಸ್ಕ್ರಿಪ್ಟ್, ಅಂದರೆ ಅದನ್ನು ನಡೆಸುವ ಕೋಡ್, ಸೇರಿಸುವಾಗ ಬೇಸಿಕ್ ಮೂವ್‌ಮೆಂಟ್ ಎಂಬ ಸಿದ್ಧ ಮಾದರಿ ಸಿಗುತ್ತದೆ. ಅದನ್ನೇ ತೆಗೆದುಕೊಳ್ಳಿ, ನಾಚಿಕೆ ಬೇಡ. ಹತ್ತು ನಿಮಿಷದಲ್ಲಿ ಡಬ್ಬಿ ಓಡಾಡುತ್ತದೆ.

ಎಡವುವ ಜಾಗಗಳು: ಡಬ್ಬಿ ನೆಲದೊಳಗೆ ಇಳಿದುಹೋದರೆ ಡಬ್ಬಿ, ನೆಲ ಎರಡರಲ್ಲಿ ಒಂದಕ್ಕೆ ಡಿಕ್ಕಿಯ ಗಡಿ ಕೊಟ್ಟಿಲ್ಲ ಎಂದರ್ಥ. ನೋಡ್ ಪಕ್ಕದಲ್ಲಿ ಹಳದಿ ತ್ರಿಕೋನ ಕಾಣುತ್ತಿದೆಯೇ ನೋಡಿ. ಗಡಿ ದೊಡ್ಡದು ಮಾಡಬೇಕಾದಾಗ ಸ್ಕೇಲ್ ಮುಟ್ಟಬೇಡಿ, ಆಕಾರದ ಸೈಜ್ ಬದಲಿಸಿ. ಸ್ಕೇಲ್ ಎಳೆದರೆ ಡಿಕ್ಕಿ ವಿಚಿತ್ರವಾಗಿ ವರ್ತಿಸುತ್ತದೆ. ಇನ್ನೊಂದು, ಇಲ್ಲಿ ಕೆಳಗೆ ಹೋದಷ್ಟೂ ಸಂಖ್ಯೆ ಹೆಚ್ಚುತ್ತದೆ. ಹಾಗಾಗಿ ಜಿಗಿತದ ವೇಗ ಋಣ ಸಂಖ್ಯೆ. ಮೈನಸ್ ಮರೆತರೆ ಡಬ್ಬಿ ಅಲ್ಲಾಡುವುದೂ ಇಲ್ಲ.

3. ಜಿಗಿತ

ಮೂರು ವಾರದಲ್ಲಿ ಒಂದು ವಾರ ಪೂರ್ತಿ ಇದಕ್ಕೇ ಕೊಡಿ. ಪ್ಲಾಟ್‌ಫಾರ್ಮರ್‌ನಲ್ಲಿ ಆಡುವವರ ಬೆರಳು ಸಾವಿರ ಸಲ ಮಾಡುವ ಕೆಲಸ ಇದೊಂದೇ. ಇದು ಕೈಗೆ ಹತ್ತದಿದ್ದರೆ ಮೇಲೆ ಎಂಥ ಚಿತ್ರ ಅಂಟಿಸಿದರೂ ಆಟ ಬೇಸರ.

ಸಿದ್ಧ ಮಾದರಿಯಲ್ಲಿ ಓಟದ ವೇಗ 300, ಜಿಗಿತದ ವೇಗ −400, ಎಂಜಿನ್ ಕೊಡುವ ಗುರುತ್ವ 980 ಇರುತ್ತದೆ. ಸ್ಪೇಸ್ ಒತ್ತಿ ನೋಡಿ. ಡಬ್ಬಿ ಬಲೂನಿನ ಹಾಗೆ ಮೇಲೇರಿ ತೇಲುತ್ತಾ ಇಳಿಯುತ್ತದೆ. ಮೇಲೆ ಹೋಗುವುದು ಸುಮಾರು 82 ಪಿಕ್ಸೆಲ್, ಅಂದರೆ ಎರಡೂವರೆ ಟೈಲ್. ಗಾಳಿಯಲ್ಲಿರುವ ಹೊತ್ತು 0.8 ಸೆಕೆಂಡ್‌ಗಿಂತ ಹೆಚ್ಚು. ಅಷ್ಟು ಪುಟ್ಟ ಎತ್ತರಕ್ಕೆ ಇಷ್ಟು ಹೊತ್ತು!

ಇಲ್ಲಿ ಬಹಳ ಜನ ಮಾಡುವುದು, 400ನ್ನು 500 ಮಾಡುವುದು, 600 ಮಾಡುವುದು, ಹಿಂದಕ್ಕೆ ಹೋಗುವುದು. ಕತ್ತಲಲ್ಲಿ ತಡಕಾಡಿದ ಹಾಗೆ. ಉಲ್ಟಾ ದಾರಿ ಹಿಡಿಯಿರಿ. ಎಷ್ಟು ಎತ್ತರ ಬೇಕು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು, ಇವೆರಡನ್ನು ಮೊದಲು ತೀರ್ಮಾನಿಸಿ. ಉಳಿದದ್ದನ್ನು ಪಿಯುಸಿ ಭೌತಶಾಸ್ತ್ರ ಹೇಳುತ್ತದೆ:

ಗುರುತ್ವ = 2 × ಎತ್ತರ ÷ (ಸಮಯ × ಸಮಯ)
ಜಿಗಿತದ ವೇಗ = 2 × ಎತ್ತರ ÷ ಸಮಯ

ನನಗೆ ಮೂರು ಟೈಲ್ ಕಟ್ಟೆ ಹತ್ತಬೇಕು. ಅದು 96 ಪಿಕ್ಸೆಲ್. ಅಂಚಿಗೆ ಕಾಲು ತಗುಲದಿರಲಿ ಅಂತ 8 ಸೇರಿಸಿ 104. ತುದಿ ಮುಟ್ಟಲು 0.35 ಸೆಕೆಂಡ್. ಆಗ ಗುರುತ್ವ ಸುಮಾರು 1700, ಜಿಗಿತದ ವೇಗ ಸುಮಾರು 594 (ಸ್ಕ್ರಿಪ್ಟಿನಲ್ಲಿ −594). ಇವನ್ನು ಹಾಕಿ ಒತ್ತಿ ನೋಡಿ, ಹಿಂದಿನದಕ್ಕಿಂತ ಎತ್ತರ ಜಿಗಿಯುತ್ತದೆ, ಆದರೂ ಚುರುಕು. ಎಂಜಿನ್ ಸೆಕೆಂಡಿಗೆ 60 ಸಲ ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕುವುದರಿಂದ ನಾಲ್ಕೈದು ಪಿಕ್ಸೆಲ್ ಆಚೀಚೆ ಆಗಬಹುದು, ತಲೆ ಕೆಡಿಸಿಕೊಳ್ಳಬೇಡಿ.

ಈಗ ಎರಡು ಸಣ್ಣ ಮೋಸಗಳು. ಒಂದು, ಇಳಿಯುವಾಗ ಗುರುತ್ವವನ್ನು 1.6ರಿಂದ ಗುಣಿಸಿ. ನಿಜ ಜಗತ್ತಿನಲ್ಲಿ ಹೀಗಿಲ್ಲ, ಆದರೆ ಬೆರಳಿಗೆ ಇದೇ ಹಿತ. ಇಳಿಯುವ ಹೊತ್ತು 0.28 ಸೆಕೆಂಡಿಗೆ ಬರುತ್ತದೆ. ಎರಡು, ಮೇಲೇರುತ್ತಿರುವಾಗಲೇ ಕೀಲಿ ಬಿಟ್ಟರೆ ಉಳಿದ ವೇಗವನ್ನು ಅರ್ಧ ಮಾಡಿ. ಮೆಲ್ಲಗೆ ತಟ್ಟಿದರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಪೂರ್ತಿ ಜಿಗಿತ. ಈ ಎರಡನ್ನು ಹಾಕಿದ ಮೇಲೆ ಐದು ನಿಮಿಷ ಸುಮ್ಮನೆ ಜಿಗಿಯುತ್ತಾ ಇರಿ. ಗುರಿಯೇ ಇಲ್ಲದ ಬೂದು ನೆಲದ ಮೇಲೆ ಜಿಗಿಯುವುದೇ ಮಜಾ ಅನ್ನಿಸತೊಡಗಿದರೆ ಹದ ಬಂತು.

ಓಟದ ವೇಗ 260ಕ್ಕೆ ಇಳಿಸಿದೆ ಅನ್ನಿ. ಗಾಳಿಯಲ್ಲಿ ಒಟ್ಟು 0.63 ಸೆಕೆಂಡ್, ದಾಟುವ ದೂರ ಸುಮಾರು 163 ಪಿಕ್ಸೆಲ್, ಅಂದರೆ ಐದು ಟೈಲ್. ಐದು ಟೈಲ್ ಹಳ್ಳವೇ ಮಿತಿ ಅಂತ ನೀವು ಬರೆದುಕೊಳ್ಳುತ್ತೀರಿ. ತಪ್ಪು. ಡಬ್ಬಿಯ ಹಿಂದಿನ ಮೂಲೆ ಅಂಚಿನಲ್ಲಿರುವಾಗಲೂ ಜಿಗಿಯಬಹುದು, ಮುಂದಿನ ಮೂಲೆ ಆಚೆ ದಡಕ್ಕೆ ತಾಗಿದರೂ ಸಾಕು. ಹಾಗಾಗಿ ಅದರ 24 ಪಿಕ್ಸೆಲ್ ಅಗಲವೂ ಸೇರಿಕೊಂಡು ಆರು ಟೈಲ್ ಹತ್ತಿರ ಹೋಗುತ್ತದೆ. ಇದಕ್ಕೇ ಒಂದು ಅಳತೆಯ ಮೈದಾನ ಮಾಡಿಕೊಳ್ಳಿ: ಮೂರು, ನಾಲ್ಕು, ಐದು, ಆರು, ಏಳು ಟೈಲ್ ಹಳ್ಳಗಳು ಸಾಲಾಗಿ, ಪಕ್ಕದಲ್ಲಿ ಒಂದರಿಂದ ನಾಲ್ಕು ಟೈಲ್ ಎತ್ತರದ ಗೋಡೆಗಳು. ಸಂಖ್ಯೆ ಬದಲಿಸಿದಾಗಲೆಲ್ಲ ಇಲ್ಲಿ ಓಡಿಸಿ, ಯಾವುದು ಆರಾಮ, ಯಾವುದು ಕಷ್ಟ, ಯಾವುದು ಆಗುವುದೇ ಇಲ್ಲ ಎಂದು ತಾರೀಖು ಹಾಕಿ ಬರೆದಿಡಿ.

ಎಡವುವ ಜಾಗ: ಡೆಲ್ಟಾ. ಹಿಂದಿನ ಲೆಕ್ಕದಿಂದ ಈ ಲೆಕ್ಕದವರೆಗೆ ಕಳೆದ ಕ್ಷಣಕ್ಕೆ ಆ ಹೆಸರು. ಗುರುತ್ವ ಸೇರಿಸುವಾಗ ಡೆಲ್ಟಾದಿಂದ ಗುಣಿಸಬೇಕು. ಓಟದ ವೇಗಕ್ಕೆ ಗುಣಿಸಬಾರದು, ಮೂವ್ ಅಂಡ್ ಸ್ಲೈಡ್ ಎಂಬ ಆಜ್ಞೆ ಅದನ್ನು ತಾನೇ ಮಾಡುತ್ತದೆ. ಪಾತ್ರ ಇರುವೆಯ ಹಾಗೆ ತೆವಳುತ್ತಿದ್ದರೆ ನೀವು ಎರಡು ಸಲ ಗುಣಿಸಿದ್ದೀರಿ.

4. ಆಡುವವರಿಗೆ ಮಾಫಿ

ಅಂಚಿನ ತುದಿಗೆ ಬಂದು ಕೀಲಿ ಒತ್ತುವಷ್ಟರಲ್ಲಿ ಪಾತ್ರ ಒಂದು ಕೂದಲೆಳೆ ಆಚೆ ಹೋಗಿ ಬಿದ್ದುಬಿಡುತ್ತದೆ. ಆಡುವವರು “ಒತ್ತಿದೆ ಕಣೋ!” ಎನ್ನುತ್ತಾರೆ. ಅವರ ಮಾತೇ ಸರಿ ಎಂದು ಒಪ್ಪಿಕೊಂಡುಬಿಡಿ.

ನೆಲ ಬಿಟ್ಟ ಮೇಲೂ 0.1 ಸೆಕೆಂಡ್ ಹೊತ್ತು, ಅಂದರೆ ಸೆಕೆಂಡಿಗೆ 60ರ ಲೆಕ್ಕದಲ್ಲಿ ಆರು ಫ್ರೇಮ್, ಜಿಗಿಯಲು ಬಿಡಿ. ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ಹಳೆಯ ಕಾರ್ಟೂನಿನಲ್ಲಿ ಬಂಡೆಯ ಅಂಚು ದಾಟಿ ಓಡಿ, ಕೆಳಗೆ ನೋಡುವವರೆಗೂ ಬೀಳದ ಆ ತೋಳದಂಥ ಪ್ರಾಣಿಯಿಂದ ಬಂದ ಹೆಸರು. ಸೆಲೆಸ್ಟೆಯಲ್ಲೂ ಇರುವುದು ಇದೇ 0.1 ಸೆಕೆಂಡ್. ಇನ್ನೊಂದು ಮಾಫಿ ಜಂಪ್ ಬಫರ್: ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕೀಲಿ ಒತ್ತಿದ್ದರೆ ಅದನ್ನು 0.1 ಸೆಕೆಂಡ್ ನೆನಪಿಟ್ಟುಕೊಂಡು, ಕಾಲು ತಾಗಿದ ಕೂಡಲೇ ಜಿಗಿಸುವುದು. ಎರಡಕ್ಕೂ ಒಂದೊಂದು ಟೈಮರ್ ಸಂಖ್ಯೆ ಸಾಕು.

ಜಿಗಿದ ಕೂಡಲೇ ಎರಡೂ ಟೈಮರ್ ಸೊನ್ನೆ ಮಾಡುವುದು ಮರೆಯಬೇಡಿ. ಮರೆತರೆ ಗಾಳಿಯಲ್ಲಿ ಇನ್ನೊಂದು ಜಿಗಿತ ಪುಕ್ಕಟೆ ಸಿಗುತ್ತದೆ. ಆಮೇಲೆ ಅಳತೆಯ ಮೈದಾನಕ್ಕೆ ವಾಪಸ್ ಹೋಗಿ. 260ರ ವೇಗದಲ್ಲಿ 0.1 ಸೆಕೆಂಡ್ ಎಂದರೆ ಇನ್ನೂ 26 ಪಿಕ್ಸೆಲ್, ನಿಮ್ಮ ಮಿತಿ ಮತ್ತೆ ಉದ್ದವಾಗಿದೆ.

5. ಕ್ಯಾಮೆರಾ

ಕ್ಯಾಮೆರಾ 2ಡಿ ನೋಡನ್ನು ಪಾತ್ರದೊಳಗೆ ಹಾಕಿ, ಅದು ಪಾತ್ರವನ್ನು ನಯವಾಗಿ ಹಿಂಬಾಲಿಸಲು ಪೊಸಿಷನ್ ಸ್ಮೂದಿಂಗ್ ಆನ್ ಮಾಡಿ, ಮುಂದಿನ ಹೆಜ್ಜೆಗೆ ಹೋಗಿ. ಆಟದ ಇಡೀ ಜಾಗ ಒಂದೇ ಪರದೆಯಲ್ಲಿ ಹಿಡಿಸಿದರೆ ಅದೂ ಬೇಡ.

6. ಒಂದೇ ಒಂದು ಹಂತ (ಲೆವೆಲ್)

ಗ್ರಾಫ್ ಪುಸ್ತಕ ತೆಗೆಯಿರಿ. ಒಂದು ಮನೆ ಒಂದು ಟೈಲ್. ಮೈದಾನದಲ್ಲಿ ಬರೆದಿಟ್ಟ ಅಳತೆಗಳು ಪಕ್ಕದಲ್ಲಿರಲಿ.

ಸೂಚನೆಯ ಫಲಕ ಬರೆಯದೆ ಆಟವನ್ನು ಹೇಗೆ ಕಲಿಸುವುದು ಎಂಬುದೇ ಇಲ್ಲಿನ ಕಸರತ್ತು. ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತ ಆಡಿದವರು ನೆನಪಿಸಿಕೊಳ್ಳಿ. ಮಾರಿಯೊ ಪರದೆಯ ಎಡಕ್ಕೆ ನಿಂತಿರುತ್ತಾನೆ, ಬಲಕ್ಕೆ ಖಾಲಿ. ಬಲಕ್ಕೆ ಹೋಗಬೇಕು ಎಂದು ಹೇಳಬೇಕಿಲ್ಲ. ಅಣಬೆಯಂಥ ಒಬ್ಬ ಶತ್ರು ಎದುರು ನಡೆದು ಬರುತ್ತಾನೆ, ಜಿಗಿಯದೆ ದಾರಿಯಿಲ್ಲ. ಪ್ರಶ್ನೆ ಚಿಹ್ನೆಯ ಇಟ್ಟಿಗೆ ಗುದ್ದಿದರೆ ನಿಜವಾದ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೊಳವೆಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ತಪ್ಪಿಸಿಕೊಳ್ಳಲು ನೋಡಿದರೂ ಸಿಕ್ಕಿಬಿಡುತ್ತದೆ, ಸಿಕ್ಕಿದರೆ ದೊಡ್ಡವರಾಗುತ್ತೀರಿ. ಒಂದಕ್ಷರ ಓದಿಸದೆ ಮೂರು ಪಾಠ ಮುಗಿದವು.

ನಿಮ್ಮ ಹಂತದಲ್ಲಿ ಹೀಗೆ ಮಾಡಿ. ಮೊದಲು ಎರಡು ಟೈಲ್ ಹಳ್ಳ, ಬಿದ್ದರೂ ಸಾಯದೆ ಹತ್ತಿ ಬರುವಂಥದ್ದು. ಆಮೇಲೆ ಅದೇ ಹಳ್ಳ ಮೂರು ಟೈಲ್, ಕೆಳಗೆ ಮುಳ್ಳು. ಆಮೇಲೆ ನಾಲ್ಕು ಟೈಲ್, ಆದರೆ ಆಚೆ ದಡ ಒಂದು ಟೈಲ್ ಎತ್ತರ. ಕೊನೆಗೆ ತಲೆಯ ಮೇಲೂ ಮುಳ್ಳು, ಪೂರ್ತಿ ಜಿಗಿದರೆ ಚುಚ್ಚುತ್ತದೆ, ಗಿಡ್ಡ ಜಿಗಿತವೇ ಬೇಕು. ಮುಳ್ಳಿನ ಡಿಕ್ಕಿಯ ಗಡಿ ಕಣ್ಣಿಗೆ ಕಾಣುವುದಕ್ಕಿಂತ ಎರಡು ಮೂರು ಪಿಕ್ಸೆಲ್ ಒಳಗಿರಲಿ. ಸವರಿಕೊಂಡು ಪಾರಾದೆ ಎಂಬ ಖುಷಿಯನ್ನು ಆಡುವವರಿಂದ ಕಿತ್ತುಕೊಳ್ಳಬಾರದು. ಸತ್ತರೆ ಅರ್ಧ ಸೆಕೆಂಡಿನಲ್ಲಿ ವಾಪಸ್ ಹತ್ತಿರದಲ್ಲೇ ನಿಲ್ಲಿಸಿ. “ಗೇಮ್ ಓವರ್” ಫಲಕ ಬೇಡವೇ ಬೇಡ.

ಹಂತ ಆಡಿ ಮುಗಿಸಲು ನಿಮಗೆ ಒಂದು ನಿಮಿಷ ಸಾಕಾದರೆ ಉದ್ದ ಸರಿಯಾಗಿದೆ. ನಿಮಗೆ ಸುಲಭ ಅನ್ನಿಸಿದ್ದು ಹೊಸಬರಿಗೆ ಕಷ್ಟ, ಇದೊಂದನ್ನು ನಂಬಿ. ನೀವು ಈ ಜಿಗಿತವನ್ನು ಒಂದು ವಾರದಿಂದ ಆಡುತ್ತಿದ್ದೀರಿ.

7. ಬೇರೆಯವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಳ್ಳುವುದು

ಇದಕ್ಕೆ ಪ್ಲೇಟೆಸ್ಟ್ ಎನ್ನುತ್ತಾರೆ. ಲ್ಯಾಪ್‌ಟಾಪ್ ಕೊಡಿ, “ಆಡಿ ನೋಡಿ” ಎನ್ನಿ, ಪಕ್ಕಕ್ಕೆ ಕೂತು ಬರೆದುಕೊಳ್ಳಿ. ಎಲ್ಲಿ ಸತ್ತರು, ಎಷ್ಟು ಸಲ, ಆಗ ಬಾಯಿಂದ ಏನು ಬಂತು. ಅಷ್ಟೇ. “ಅಲ್ಲಿ ಒತ್ತಬೇಕು”, “ಅದು ಇನ್ನೂ ಮುಗಿದಿಲ್ಲ” ಎಂದು ನಡುವೆ ಬಾಯಿ ಹಾಕಿದರೆ ಆ ಪರೀಕ್ಷೆ ವ್ಯರ್ಥ.

ನನ್ನ ಮೊದಲ ಆಟವನ್ನು ಐದನೇ ಕ್ಲಾಸಿನ ತಮ್ಮನಿಗೆ (ಚಿಕ್ಕಪ್ಪನ ಮಗ) ಕೊಟ್ಟಿದ್ದೆ. ಮೂರು ನಿಮಿಷ ಹಳ್ಳದ ಮುಂದೆಯೇ ನಿಂತ. “ಅಣ್ಣ, ಇವ್ನು ಜಿಗಿಯೋದೇ ಇಲ್ಲ.” ಅವನ ಬೆರಳು ಮೇಲಿನ ಬಾಣದ ಕೀಲಿಯನ್ನು ಕುಟ್ಟುತ್ತಿತ್ತು. ನಾನು ಜಿಗಿತವನ್ನು ಸ್ಪೇಸ್ ಬಾರ್‌ಗೆ ಮಾತ್ರ ಇಟ್ಟಿದ್ದೆ. ಈಗ ಮಾಡುವ ಪ್ರತಿ ಆಟದಲ್ಲೂ ಜಿಗಿತಕ್ಕೆ ಎರಡೂ ಕೀಲಿ ಇರುತ್ತವೆ. ನೀವೂ ಯಾವ ಕೀಲಿಗೆ ಯಾವ ಕೆಲಸ ಎಂದು ಹೇಳುವ ಇನ್‌ಪುಟ್ ಮ್ಯಾಪ್‌ನಲ್ಲಿ ಇವತ್ತೇ ಸೇರಿಸಿಬಿಡಿ.

ಐದು ಜನರಲ್ಲಿ ಮೂವರು ಒಂದೇ ಕಡೆ ಬಿದ್ದರೆ ಆ ಜಾಗ ಬದಲಿಸಿ. ಒಬ್ಬರೇ ಬಿದ್ದಿದ್ದರೆ ಸದ್ಯ ಬಿಡಿ. “ಸೂಪರ್ ಮಚ್ಚಾ” ಎನ್ನುವ ಹಾಸ್ಟೆಲ್ ಗೆಳೆಯರ ಮಾತಿಗೆ ಬೆಲೆ ಕೊಡಬೇಡಿ, ಅವರ ಕೈ ಏನು ಮಾಡುತ್ತದೆ ಎಂಬುದಕ್ಕೆ ಕೊಡಿ. ಮುಗಿದ ಮೇಲೆ ತಾವಾಗಿ ಇನ್ನೊಂದು ಸಲ ಆಡಿದರೇ ಇಲ್ಲವೇ ಎಂಬುದೇ ಅವರ ನಿಜವಾದ ಅಭಿಪ್ರಾಯ.

ಒಂದು ಸುತ್ತು ಸಾಲದು. ಬದಲಿಸಿ, ಹೊಸ ಮುಖ ಹುಡುಕಿ, ಮತ್ತೆ ಕೊಡಿ. ಒಮ್ಮೆ ಆಡಿದವರು ಹೊಸಬರಾಗಿ ಉಳಿಯುವುದಿಲ್ಲ. ಅದಕ್ಕೇ ನಾಲ್ಕೈದು ಜನರನ್ನು ಒಂದೇ ದಿನ ಖರ್ಚು ಮಾಡಬೇಡಿ.

8. ಈಗ ಚಿತ್ರ, ಸದ್ದು, ಕನ್ನಡ

ಕೆನ್ನಿ ಎಂಬ ಜಾಲತಾಣದಲ್ಲಿ ಟೈಲ್, ಪಾತ್ರ, ಸದ್ದುಗಳು ಸಿಸಿ0 ಪರವಾನಗಿಯಲ್ಲಿ ಸಿಗುತ್ತವೆ. ಯಾರನ್ನೂ ಕೇಳದೆ, ಹೆಸರು ಹಾಕದೆಯೂ ಬಳಸಬಹುದು ಎಂದು ಅದರರ್ಥ. ಸಿನಿಮಾ ಹಾಡು, ಗೂಗಲ್‌ನಲ್ಲಿ ಸಿಕ್ಕ ಚಿತ್ರ ಹಾಕಬೇಡಿ. ಪಿಕ್ಸೆಲ್ ಚಿತ್ರ ಮಸುಕಾಗಿ ಕಂಡರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಫಿಲ್ಟರ್ ಅನ್ನು ಲೀನಿಯರ್‌ನಿಂದ ನಿಯರೆಸ್ಟ್‌ಗೆ ಬದಲಿಸಿ. ಚಿತ್ರ ಬದಲಾದರೂ ಡಿಕ್ಕಿಯ ಗಡಿ ಹಳೆಯ ಬೂದು ಡಬ್ಬಿಯದ್ದೇ ಇರಲಿ, ಇಲ್ಲದಿದ್ದರೆ ಅಳತೆಯೆಲ್ಲ ಮೊದಲಿಂದ.

ಕನ್ನಡದಲ್ಲಿ ಎರಡು ಮಾತು ಬರೆಯುವ ಆಸೆಯಿದ್ದರೆ ನೋಟೊ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಫೈಲನ್ನು ಪ್ರಾಜೆಕ್ಟ್ ಒಳಗೇ ಹಾಕಿ. ಇದನ್ನು ಬಹಳ ಜನ ಬಿಡುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಎಂಜಿನ್ ಕಂಪ್ಯೂಟರಿನ ಫಾಂಟನ್ನು ಎರವಲು ಪಡೆದಿರುತ್ತದೆ. ಬ್ರೌಸರ್‌ನಲ್ಲಿ ಆ ಎರವಲು ಸಿಗುವುದಿಲ್ಲ, ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ನಿಲ್ಲುತ್ತವೆ.

9. ಹೊರಗೆ ಕಳಿಸುವುದು

ಎಕ್ಸ್‌ಪೋರ್ಟ್‌ನಲ್ಲಿ ವೆಬ್ ಆರಿಸಿ. 4.3ನೇ ಆವೃತ್ತಿಯಿಂದ ಈಚೆಗೆ ಥ್ರೆಡ್ (ಏಕಕಾಲಕ್ಕೆ ಹಲವು ಕೆಲಸ ನಡೆಸುವ ವ್ಯವಸ್ಥೆ) ಇಲ್ಲದೆಯೇ ವೆಬ್‌ಗೆ ಕಳಿಸಬಹುದು, ಆ ಆಯ್ಕೆ ಆಫ್ ಇದ್ದರೆ ತಾಪತ್ರಯ ಕಡಿಮೆ. ಮುಖ್ಯ ಫೈಲಿನ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದೇ ಇರಬೇಕು. ಎಲ್ಲ ಫೈಲುಗಳನ್ನೂ ಜಿಪ್ ಮಾಡಿ ಆಟಗಳನ್ನು ಹಂಚಿಕೊಳ್ಳುವ ಇಚ್ ಡಾಟ್ ಐಓ ತಾಣಕ್ಕೆ ಏರಿಸಿ, “ಬ್ರೌಸರ್‌ನಲ್ಲಿ ಆಡಬಹುದು” ಎಂಬುದಕ್ಕೆ ಗುರುತು ಹಾಕಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಮನೆಯಲ್ಲೇ ತೆರೆಯಲು ಹೋದರೆ ಓಡುವುದಿಲ್ಲ. ಅದು ನಿಮ್ಮ ತಪ್ಪಲ್ಲ, ವೆಬ್ ಆಟ ಸರ್ವರ್‌ನಿಂದಲೇ ಬರಬೇಕು.

ಪುಟದ ವಿವರಣೆಯಲ್ಲಿ ಯಾವ ಕೀಲಿ ಏನು ಮಾಡುತ್ತದೆ ಎಂದು ಬರೆಯಿರಿ. ಕೆಳಗೆ ಆ ಗ್ರಾಫ್ ಪುಸ್ತಕದ ಒಂದೆರಡು ಪುಟದ ಫೋಟೊ ಹಾಕಿ. ಸಂದರ್ಶನಕ್ಕೆ ಹೋದಾಗ ಆಟಕ್ಕಿಂತ ಹೆಚ್ಚು ಹೊತ್ತು ಮಾತಾಗುವುದು ಆ ಪುಟಗಳ ಮೇಲೆ: ಈ ಹಳ್ಳ ಐದರಿಂದ ನಾಲ್ಕು ಟೈಲ್‌ಗೆ ಏಕೆ ಇಳಿಯಿತು, ಆ ಗೋಡೆ ಏಕೆ ಹೋಯಿತು.

ಎಲ್ಲಾದರೂ ಸಿಕ್ಕಿಬಿದ್ದು ನನ್ನನ್ನೋ ಇನ್ನೊಬ್ಬರನ್ನೋ ಕೇಳುವಾಗ “ಜಿಗಿತ ಸರಿ ಬರ್ತಿಲ್ಲ” ಎಂದಷ್ಟೇ ಬರೆಯಬೇಡಿ. ಟೈಲ್ ಅಳತೆ, ಓಟದ ವೇಗ, ಜಿಗಿತದ ವೇಗ, ಏರುವಾಗ ಇಳಿಯುವಾಗಿನ ಗುರುತ್ವ, ಎಂಜಿನ್‌ನ ಆವೃತ್ತಿ, ಜೊತೆಗೆ ಹತ್ತು ಸೆಕೆಂಡಿನ ಸ್ಕ್ರೀನ್ ರೆಕಾರ್ಡಿಂಗ್ ಕಳಿಸಿ.